ಸೊನ್ನೆಯಿಂದ ಎಣಿಸುವ ಮಕ್ಕಳಿಗೆ ಅನ್ನ ಬಡಿಸುವವನ ಅಹವಾಲು

ಮಾನ್ಯ ಅಧ್ಯಕ್ಷರು,
ಕಂಪ್ಯೂಟರ್ ವಿಜ್ಞಾನ ಪದವಿಯ ಪಠ್ಯಕ್ರಮ ಮಂಡಳಿ, ಇವರ ಸನ್ನಿಧಾನಕ್ಕೆ

ಮಾನ್ಯರೇ,

ತಾವು ಬರೆದ ಪಠ್ಯಕ್ರಮವನ್ನು ದಿನಾ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಅನುಭವಿಸುತ್ತಿರುವ, ಪುಳಿಕ್ಕಡವು ಜಂಕ್ಷನ್ನಿನ ತಂಗಮಣಿ ಮೆಸ್ಸಿನ ಮಾಲೀಕನಾದ, ಅಂದರೆ ತಂಗಮಣಿಯ ಗಂಡನಾದ ಸುಗತನ್ ಎಂಬ ನಾನು ತಮಗೂ ತಮ್ಮ ಮಂಡಳಿಯ ಸಮಸ್ತ ಪ್ರಾಧ್ಯಾಪಕರಿಗೂ ಎರಡೂ ಕೈ ಜೋಡಿಸಿ ನಮಸ್ಕರಿಸುತ್ತೇನೆ. ಒಂದು ಕೈಯಲ್ಲಿ ಸೌಟಿದೆ, ಮನ್ನಿಸಬೇಕು.

ನಾನು ಓದಿದ್ದು ಏಳನೇ ಕ್ಲಾಸು. ಆದರೆ ಇಂಜಿನಿಯರಿಂಗ್ ಕಾಲೇಜಿನ ಗೇಟಿಗೆ ಎದುರಾಗಿ ಹತ್ತೊಂಬತ್ತು ವರ್ಷ ಅನ್ನ ಬಡಿಸಿರುವುದರಿಂದ, ತಮ್ಮ ನಾಲ್ಕು ವರ್ಷದ ಪದವಿಯನ್ನು ಇಲ್ಲಿಗೆ ನಾಲ್ಕೂ ಮುಕ್ಕಾಲು ಸಲ ಕೇಳಿಸಿಕೊಂಡಿದ್ದೇನೆ. ಅಷ್ಟು ಸಲ ಕೇಳಿಸಿಕೊಂಡ ಪ್ರಾಧ್ಯಾಪಕರು ತಮ್ಮಲ್ಲೂ ಕಡಿಮೆ ಎಂದು ಮಕ್ಕಳು ಹೇಳುತ್ತಾರೆ.

ಮೊದಲನೇ ವರ್ಷ ತಾವು ಕಂಪ್ಯೂಟರ್ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಲಿಸುತ್ತೀರಿ. ಕಬ್ಬಿಣ ಉಜ್ಜುವುದನ್ನು, ಮರ ಕೊಯ್ಯುವುದನ್ನು ಕಲಿತು ಬಂದ ಒಬ್ಬ ಮಹಾನುಭಾವ ಅಲುಗಾಡುತ್ತಿದ್ದ ನನ್ನ ಮೇಜನ್ನು ಸರಿಮಾಡಿಕೊಡುತ್ತೇನೆಂದು ಒಂದು ಕಾಲನ್ನು ಕೊಯ್ದು, ಅದಕ್ಕೆ ಸಮ ಮಾಡಲು ಇನ್ನೊಂದನ್ನು ಕೊಯ್ದು, ಹೀಗೆ ನಾಲ್ಕೂ ಕಾಲನ್ನು ಎರಡು ಸುತ್ತು ಕೊಯ್ದ ಮೇಲೆ ಆ ಮೇಜಿನಲ್ಲಿ ಈಗ ನೆಲದ ಮೇಲೆ ಕೂತೂ ಊಟ ಮಾಡಬಹುದು. ಎರಡನೇ ವರ್ಷ ಕ್ಯೂ ಎಂಬ ವಿಷಯವನ್ನು ಮೂರು ವಾರ ಪಾಠ ಮಾಡುತ್ತೀರಿ, ಮೊದಲು ಬಂದವರಿಗೆ ಮೊದಲು ಕೊಡಬೇಕು ಎಂದು ಚಿತ್ರ ಬರೆಸಿ ಹತ್ತು ಅಂಕ ಕೊಡುತ್ತೀರಿ, ಆ ಹತ್ತಕ್ಕೆ ಹತ್ತು ತೆಗೆದುಕೊಂಡವರೇ ನಮ್ಮ ಬಾಗಿಲಲ್ಲಿ ಒಬ್ಬರ ಬೆನ್ನು ಹತ್ತಿ ಒಬ್ಬರು ಒಳಗೆ ಬೀಳುತ್ತಾರೆ. ಅದೇ ವರ್ಷ ಮರ ಎಂದರೆ ಬೇರು ಮೇಲಿರುತ್ತದೆ, ಎಲೆ ಕೆಳಗಿರುತ್ತದೆ ಎಂದೂ ಕಲಿಸುತ್ತೀರಿ. ನನ್ನ ಹಿತ್ತಲಲ್ಲಿ ಮೂವತ್ತು ತೆಂಗಿನ ಮರಗಳಿವೆ, ಒಂದೂ ನಿಮ್ಮ ಮಾತು ಕೇಳಿಲ್ಲ.

ಮೂರನೇ ವರ್ಷದ್ದು ಇನ್ನೂ ಚೆಂದ. ಇಬ್ಬರು ಒಂದೊಂದು ವಸ್ತು ಹಿಡಿದುಕೊಂಡು, ಇನ್ನೊಬ್ಬನ ಕೈಲಿರುವುದಕ್ಕೆ ಕಾಯುತ್ತಾ, ತನ್ನದನ್ನು ಬಿಡದೆ ಕೂತರೆ ಇಬ್ಬರೂ ಪ್ರಳಯದವರೆಗೆ ಕೂತಿರುತ್ತಾರಂತೆ. ಅದನ್ನು ಪರೀಕ್ಷಿಸಲು ಒಬ್ಬ ಪುಳಿಶ್ಶೇರಿಯ, ಅಂದರೆ ಮಜ್ಜಿಗೆ ಹುಳಿಯ, ಸೌಟು ಹಿಡಿದ, ಇನ್ನೊಬ್ಬ ಅನ್ನದ ಪಾತ್ರೆ ಹಿಡಿದ, ಇಡೀ ಮೆಸ್ಸು ಬರೀ ಉಪ್ಪಿನಕಾಯಿ ನೆಕ್ಕುತ್ತಾ ಕೂತಿತು. ಒಳಗಿಂದ ಬಂದ ತಂಗಮಣಿ ಎರಡನ್ನೂ ಕಿತ್ತುಕೊಂಡು, “ನಿಮ್ಮ ಪಾಠ ಗೇಟಿಂದ ಆಚೆ ಇಟ್ಕೊಳ್ರೋ, ಇಲ್ಲಿ ನಾನೇ ಪರೀಕ್ಷೆ, ನಾನೇ ಫಲಿತಾಂಶ” ಎಂದಳು. ಹೀಗೆ ಕಿತ್ತುಕೊಳ್ಳುವುದು ಕೂಡ ಪುಸ್ತಕದಲ್ಲಿದೆ, ಅದಕ್ಕೆ ನಾಲ್ಕು ಅಂಕ ಎಂದು ಹುಡುಗರು ಖುಷಿಪಟ್ಟರು. ಇನ್ನು ತುದಿಯೇ ಇಲ್ಲದ, ಟೇಪಿನಂಥ ಪಟ್ಟಿಯಿರುವ ಒಂದು ಯಂತ್ರವಿದೆಯಂತೆ. ಅದನ್ನು ಯಾರೂ ತಯಾರಿಸಿಲ್ಲ, ತಯಾರಿಸಲೂ ಆಗದು, ಆದರೂ ಅದು ನಿಲ್ಲುತ್ತದೋ ಇಲ್ಲವೋ ಎಂದು ತಾವು ಪ್ರಶ್ನೆ ಕೇಳುತ್ತೀರಿ, ಎಲ್ಲಾ ಸಲವೂ ಹೇಳಲು ಆಗುವುದಿಲ್ಲ ಎಂದು ಬರೆದವರಿಗೆ ಪೂರ್ತಿ ಅಂಕ ಕೊಡುತ್ತೀರಿ. ಮಾನ್ಯರೇ, ಹೇಳಲು ಆಗುವುದಿಲ್ಲ ಎಂದು ನಾನು ಎಲ್ಲಾ ವಿಷಯದಲ್ಲೂ ಬರೆದಿದ್ದೆ. ನನ್ನನ್ನು ಏಳರಲ್ಲೇ ನಿಲ್ಲಿಸಿದರು.

ಇಷ್ಟನ್ನೂ ನಾನು ಸಂತೋಷದಿಂದ ಸಹಿಸಿಕೊಂಡಿದ್ದೇನೆ. ನನ್ನ ದೂರು ನಾಲ್ಕನೇ ವರ್ಷದ್ದು.

ಅನ್ಸಿಲ ಎಂಬ ಹುಡುಗಿ ಮತ್ತು ಅವಳ ಜೊತೆಗಾರ ಜೋಬಿನ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಗ್ರಂಥಾಲಯದ ಪುಸ್ತಕ ಎರವಲು ಕೊಡುವ ಪ್ರೋಗ್ರಾಮ್ ಮಾಡಿದ್ದರು. ಅವರ ಮೇಷ್ಟ್ರು ಅದನ್ನು ನೋಡಿ, ಇದು ತಾನು ನೋಡುತ್ತಿರುವ ನಲವತ್ತೊಂದನೆಯ ಗ್ರಂಥಾಲಯ ಎಂದು ಹೇಳಿ ಫೇಲ್ ಮಾಡಿದರು. ಉಳಿದದ್ದು ಒಂದೇ ಅವಕಾಶ. ನಿಜವಾದ ಜಾಗದಲ್ಲಿ, ನಿಜವಾದ ಜನ ಐದು ದಿನ ಬಳಸುವ ಏನಾದರೂ ಮಾಡಬೇಕು, ಐದನೇ ದಿನ ಹೊರಗಿನ ಪರೀಕ್ಷಕರು ಬಂದು ನೋಡುತ್ತಾರೆ, ಆಗಲೂ ಸೋತರೆ ಮುಂದಿನ ವರ್ಷ ಕಿರಿಯರ ಜೊತೆ ಕೂರಬೇಕು. ಅನ್ಸಿಲ ಬಂದು ತಂಗಮಣಿಯ ಮುಂದೆ ನಿಂತಳು.

“ಚೇಚಿ, ನಿಮ್ಮ ಮೆಸ್ಸನ್ನ ಐದು ದಿನ ನಮಗೆ ಕೊಡ್ತೀರಾ?”

“ಗಂಡನ್ನೂ ಸೇರಿಸಿ ಕೊಡ್ತೀನಿ, ವಾಪಸ್ ತರ್ಬೇಡ” ಎಂದಳು ತಂಗಮಣಿ.

ಏರ್ಪಾಡು ಇಷ್ಟೇ. ಮೇಜಿನ ಮೇಲೆ ಅಂಟಿಸಿದ ಚೌಕದ ಗುರುತನ್ನು ಫೋನಿಗೆ ತೋರಿಸಿ ಬೇಕಾದ್ದನ್ನು ಒತ್ತಿದರೆ, ಅಡುಗೆಮನೆಯ ಪರದೆಯ ಮೇಲೆ ಮೇಜಿನ ನಂಬರೂ ಊಟವೂ ಮೂಡುತ್ತದೆ. ಪರದೆ ನೋಡಿ ತಟ್ಟೆ ಒಯ್ಯಬೇಕಾದವರು ನಮ್ಮಲ್ಲಿ ಹದಿನಾರು ವರ್ಷದಿಂದ ಬಡಿಸುತ್ತಿರುವ, ಎಲ್ಲರೂ ಅಣ್ಣನೆಂಬಂತೆ ಚೇಟ್ಟನ್ ಎಂದೇ ಕರೆಯುವ ದಾಮೋದರನ್ ಚೇಟ್ಟನ್. ಭಾನುವಾರ ಮಕ್ಕಳು ಬಂದು ನನ್ನ ಹನ್ನೊಂದು ಮೇಜುಗಳಿಗೆ ಅಂದವಾದ ನಂಬರುಗಳನ್ನು ಅಂಟಿಸಿದರು. ಕೈ ತೊಳೆಯುವ ನಲ್ಲಿಯ ಪಕ್ಕದ ಮೊದಲನೇ ಮೇಜಿಗೆ ಸೊನ್ನೆ. ಬಾಗಿಲ ಹತ್ತಿರದ ಕೊನೆಯದಕ್ಕೆ ಹತ್ತು.

“ಒಂದು ಎಲ್ಲಿ ಹೋಯ್ತು ಮೋಳೆ?” ಎಂದು ಮಗಳನ್ನು ಕೇಳುವಂತೆ ಅನ್ಸಿಲಳನ್ನು ಕೇಳಿದೆ.

“ಇಲ್ಲೇ ಇದೆಯಲ್ಲ ಚೇಟ್ಟಾ, ಎರಡನೇದು.”

“ಒಂದು ಎರಡನೇದಾ?”

“ನಾವು ಸೊನ್ನೆಯಿಂದ ಎಣಿಸೋದು ಚೇಟ್ಟಾ. ಎರಡನೇ ವರ್ಷದಿಂದ ಅದೇ ಅಭ್ಯಾಸ.”

ತಮ್ಮ ಮಂಡಳಿ ಕಲಿಸಿದ್ದನ್ನು ಪ್ರಶ್ನಿಸಲು ನಾನ್ಯಾರು? ದಾಮೋದರನ್ ಚೇಟ್ಟನಿಗೆ ಯಾರೂ ಏನೂ ಹೇಳಲಿಲ್ಲ. ಅವರಿಗೆ ಹತ್ತಿರದ ಕಣ್ಣು ಮಂದ, ದೂರದ ಪರದೆ ಕಂಡರೂ ಮೇಜಿನ ಮೇಲಿನ ನಂಬರು ಕಾಣುವುದಿಲ್ಲ, ನಲ್ಲಿಯಿಂದ ಹಿಡಿದು ಒಂದು, ಎರಡು ಎಂದು ಎಣಿಸುತ್ತಾ ನಡೆಯುವುದೇ ಅವರ ರೂಢಿ.

ಸೋಮವಾರ ಪರದೆಯಲ್ಲಿ ನಾಲ್ಕು ಎಂದು ಬಂದರೆ ಅವರು ನಾಲ್ಕು ಎಣಿಸಿ ನಿಲ್ಲುವರು, ಅಲ್ಲಿ ಅಂಟಿಸಿದ್ದು ಮೂರು. ಜೀವಮಾನದಲ್ಲಿ ಮೀನು ಮುಟ್ಟದ ಗಣಿತದ ಅಂಬುಜಾಕ್ಷಿ ಟೀಚರ್ ಮುಂದೆ ಎರಡು ಹುರಿದ ಬಂಗುಡೆ ಬಂದು ಕೂತು ಅವರನ್ನೇ ನೋಡತೊಡಗಿದವು. ಸೊನ್ನೆಯ ಊಟ ಬಂದಾಗ ದಾಮೋದರನ್ ಚೇಟ್ಟನ್ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ಕಂಬದಂತೆ ನಿಂತರು. ಯಾಕೆಂದು ಕೇಳಿದ್ದಕ್ಕೆ, “ಸೊನ್ನೆ ಅಂದ್ರೆ ಒಂದ್ ಮೇಜೂ ದಾಟ್ಬಾರದು ಅಂತ. ನಾನೆಲ್ಲಿ ದಾಟಿದೆ?” ಎಂದರು.

ಬೇರೆ ಊರಿನ ಬೇರೆ ಕಾಲೇಜಿನ ಮಕ್ಕಳಾಗಿದ್ದರೆ ಬೈಯುತ್ತಿದ್ದರು. ತಮ್ಮ ಮಕ್ಕಳು ಬೈಯಲಿಲ್ಲ. ಬಂದ ತಟ್ಟೆಯನ್ನು ಒಂದು ಮೇಜು ಮುಂದಕ್ಕೆ ದಾಟಿಸಿದರು, ಸೊನ್ನೆಯಲ್ಲಿ ಕೂತವನು ಎದ್ದುಹೋಗಿ ಅಡುಗೆಮನೆಯ ಬಾಗಿಲಿಂದ ತನ್ನದನ್ನು ತಂದುಕೊಂಡ, ಬುಧವಾರದ ಹೊತ್ತಿಗೆ ಇದೇ ಪದ್ಧತಿಯಾಗಿ ಅವರವರ ತಟ್ಟೆ ಅವರವರಿಗೇ ತಲುಪುತ್ತಿತ್ತು. ಎಲ್ಲೋ ತಪ್ಪಿದೆ, ಯಾಕೆಂದು ಗೊತ್ತಿಲ್ಲ, ಆದರೆ ಓಡುತ್ತಿದೆ, ಆದ್ದರಿಂದ ಮುಟ್ಟಬಾರದು ಎಂಬುದು ತಮ್ಮ ಪದವಿಯ ಸಾರವಂತೆ. ಹೀಗಾಗಿ ಕಾಲೇಜಿನಲ್ಲಿ ಕೂತು ದೂರುಗಳಿಗೆ ಕಾಯುತ್ತಿದ್ದ ಅನ್ಸಿಲಳಿಗೆ ಒಂದು ದೂರೂ ಬರಲಿಲ್ಲ.

ಗುರುವಾರ ಅವಳೇ ಊಟಕ್ಕೆ ಬಂದಾಗ ತನ್ನ ಮುಂದೆ ಬಂದ ತಟ್ಟೆಯನ್ನು ಪಕ್ಕದವನು ಥಟ್ಟನೆ ಎತ್ತಿಕೊಂಡು ಹೋದದ್ದನ್ನು ನೋಡಿ ಎದೆ ಒಡೆದುಕೊಂಡಳು. ಆಮೇಲೆ ನಡೆದದ್ದಕ್ಕೆ ಎಲ್ಲರ ಒಳ್ಳೆಯ ಮನಸ್ಸೇ ಕಾರಣ. ಜೋಬಿನ್ ಸಂಜೆಯೇ ಪರದೆಯಲ್ಲಿ ಕಾಣುವ ಎಲ್ಲಾ ನಂಬರಿಗೂ ಒಂದು ಕೂಡಿಸಿಟ್ಟ. ಅದನ್ನು ಯಾರಿಗೂ ಹೇಳಲಿಲ್ಲ. ತಂಗಮಣಿ ದಾಮೋದರನ್ ಚೇಟ್ಟನನ್ನು ಪಕ್ಕಕ್ಕೆ ಕರೆದು, ಹುಡುಗಿಯ ಬದುಕಿನ ಪ್ರಶ್ನೆ, ನಾಳೆ ಪರದೆ ಎಷ್ಟು ಹೇಳಿದರೂ ಒಂದು ಕೂಡಿಸಿ ನಡೆಯಿರಿ ಎಂದಳು. ಅದನ್ನು ಅವಳೂ ಯಾರಿಗೂ ಹೇಳಲಿಲ್ಲ. ಊಟಕ್ಕೆ ಬರುವ ಮಕ್ಕಳಂತೂ ಪದ್ಧತಿಯಂತೆ ಒಂದು ಮೇಜು ಮುಂದಕ್ಕೆ ದಾಟಿಸಲು ತಯಾರಾಗಿಯೇ ಬಂದರು.

ಶುಕ್ರವಾರ ಪರೀಕ್ಷಕರಾದ ಇಟ್ಟೂಪ್ ಸರ್, ದೂರದಿಂದ ಬಂದವರು, ಹಸಿದವರು, ಕೈ ತೊಳೆದು ಅಲ್ಲೇ ಪಕ್ಕದ ಸೊನ್ನೆಯಲ್ಲಿ ಕೂತು ಒಂದು ಊಟ, ಒಂದು ಹುರಿದ ಬಂಗುಡೆ ಒತ್ತಿದರು. ಅವರ ತಟ್ಟೆ ಒಂದನೇ ನಂಬರಿಗೆ ಹೋಯಿತು, ಅಲ್ಲಿಂದ ಮಕ್ಕಳು ಎರಡಕ್ಕೆ ದಾಟಿಸಿದರು, ಎರಡರಲ್ಲಿದ್ದ ಮೊದಲ ವರ್ಷದ ಹುಡುಗ ಅದು ತನ್ನ ಪುಣ್ಯವೆಂದು ಮುಳ್ಳು ಸಮೇತ ಮುಗಿಸಿದ. ಆಚೆ ತುದಿಯಲ್ಲಿ ಮೇಜುಗಳು ಮುಗಿದುಹೋಗಿ, ಲೆಕ್ಕ ತಪ್ಪದ ದಾಮೋದರನ್ ಚೇಟ್ಟನ್ ಬಾಗಿಲು ದಾಟಿ, ಹೊರಗೆ ಕೊಡೆಯ ಕೆಳಗೆ ಲಾಟರಿ ಮಾರುವ ಶಶಿಯ ಮಡಿಲಲ್ಲಿ ತಟ್ಟೆ ಇಟ್ಟು ಬಂದರು. ಅದರ ಬೆನ್ನಿಗೇ ಮಕ್ಕಳು ದಾಟಿಸಿದ ಇನ್ನೊಂದೂ ಬಂತು. ಹದಿನೆಂಟು ವರ್ಷ ಲಾಟರಿ ಮಾರಿದ ಶಶಿಗೆ ಬಹುಮಾನ ಬಂದದ್ದು ಅದೇ ಮೊದಲು.

ಇಟ್ಟೂಪ್ ಸರ್ ಇಪ್ಪತ್ತು ನಿಮಿಷ ನೀರು ಕುಡಿದರು.

“ಅನ್ಸಿಲ, ನನ್ನ ಊಟ ಏನಾಯ್ತು?”

ಅವಳು ಫೋನ್ ನೋಡಿ ಮೆಲ್ಲಗೆ ಹೇಳಿದಳು. “ಇದರ ಪ್ರಕಾರ ನೀವು ಊಟ ಮುಗಿಸಿ ಏಳು ನಿಮಿಷ ಆಯ್ತು ಸರ್.”

“ಹೊಟ್ಟೆಗೆ ಇನ್ನೂ ಸುದ್ದಿ ಬಂದಿಲ್ಲಮ್ಮ.”

ಜೋಬಿನ್ ಮುಂದೆ ಬಂದು, ಪ್ರೋಗ್ರಾಮ್ ಸರಿಯಾಗಿದೆ, ಬಡಿಸುವವರು ಮೇಜು ತಪ್ಪಿಸಿದರು ಎಂದ. ಇಟ್ಟೂಪ್ ಸರ್ ಪೆನ್ನು ತೆಗೆದು ಅನ್ಸಿಲಳನ್ನೇ ನೋಡುತ್ತಾ, “ಹಾಗೇ ಬರ್ಕೊಳ್ಳಲಾ?” ಎಂದು ಕೇಳಿದರು. ಮಾನ್ಯರೇ, ಹೌದು ಎಂದಿದ್ದರೆ ಮುಗಿಯುತ್ತಿತ್ತು. ದಾಮೋದರನ್ ಚೇಟ್ಟನ್ ಕೂಡ ಹೆಗಲ ಟವಲಿಗೆ ಕೈ ಒರೆಸುತ್ತಾ, “ಬರ್ಕೊಳ್ಳಿ ಸರ್, ನಂದೇ ತಪ್ಪು. ನನಗೇನ್ ಪರೀಕ್ಷೆನಾ, ಮದುವೆನಾ. ಹುಡುಗಿ ಪಾಸಾಗ್ಲಿ” ಎಂದುಬಿಟ್ಟರು.

ಅನ್ಸಿಲಳ ಮುಖ ಕೆಂಪಾಯಿತು.

“ಬರೀಬೇಡಿ ಸರ್. ಇವರು ಹದಿನಾರು ವರ್ಷದಲ್ಲಿ ಒಂದು ತಟ್ಟೆನೂ ತಪ್ಪಿಸಿದವರಲ್ಲ. ನಾವು ಬಂದು ಐದೇ ದಿನಕ್ಕೆ ಇಷ್ಟೂ ತಟ್ಟೆ ತಪ್ಪಿತು. ನಂಬರ್ ಅಂಟಿಸೋ ಮುಂಚೆ ನೀವು ಹೇಗೆ ಎಣಿಸ್ತೀರಿ ಅಂತ ನಾನು ಇವರನ್ನ ಕೇಳಲೇ ಇಲ್ಲ. ನನ್ನ ಫೇಲ್ ಮಾಡಿ, ಪರವಾಗಿಲ್ಲ. ಹದಿನೈದು ನಿಮಿಷ ಕೊಟ್ರೆ ಊಟ ಮಾಡಿಸಿ ಕಳಿಸ್ತೀನಿ.”

“ಊಟ ಬರುತ್ತೆ ಅಂದ್ರೆ ಅರ್ಧ ಗಂಟೆ ಬೇಕಾದ್ರೂ ತಗೋ” ಎಂದರು ಇಟ್ಟೂಪ್ ಸರ್.

ಅವಳು ದಾಮೋದರನ್ ಚೇಟ್ಟನ ಕೈ ಹಿಡಿದು ಮೇಜಿನಿಂದ ಮೇಜಿಗೆ ನಡೆಸಿ, ನೀವು ಇದನ್ನು ಮನಸ್ಸಲ್ಲಿ ಏನಂತ ಕರೆಯುತ್ತೀರಿ ಎಂದು ಕೇಳುತ್ತಾ ಹೋದಳು. ಅವರು ಮೊದಲು ನಾಚಿಕೊಂಡರು, ಆಮೇಲೆ ಹೇಳುತ್ತಾ ಹೋದರು. ನಲ್ಲಿ ಮೇಜು, ಫ್ಯಾನ್ ಮೇಜು, ಕುಳ್ಳ ಮೇಜು, ಕಂಬದ ಮೇಜು, ಮೂರನೇ ಸಲ ಅನ್ನ ಕೇಳೋರ ಮೇಜು, ಜಗಳ ಆಡಿ ಮಾತು ಬಿಟ್ಟೋರ ಮೇಜು, ಬಾಗಿಲ ಮರೆಯಲ್ಲಿ ತಂಗಮಣಿಗೆ ಕಾಣದ ಮೇಜು. ಹೀಗೊಂದು ಮೇಜು ಇರುವುದು ತಂಗಮಣಿಗೆ ಆವತ್ತೇ ಗೊತ್ತಾದದ್ದು. ನಂಬರುಗಳನ್ನೆಲ್ಲ ಕಿತ್ತು ಹನ್ನೊಂದು ಹೆಸರುಗಳನ್ನು ಅನ್ಸಿಲ ಅಲ್ಲೇ ನಿಂತು ಪ್ರೋಗ್ರಾಮಿಗೆ ಸೇರಿಸಿದಳು. ಪರದೆಯ ಮೇಲೆ ನಲ್ಲಿ ಮೇಜು ಎಂದು ದೊಡ್ಡ ಅಕ್ಷರದಲ್ಲಿ ಮೂಡಿತು, ದಾಮೋದರನ್ ಚೇಟ್ಟನ್ ಅದನ್ನು ಜೋರಾಗಿ ಓದಿ, ಎಣಿಸದೆ, ನೇರವಾಗಿ ಹೋಗಿ ತಟ್ಟೆ ಇಟ್ಟರು. ಇಟ್ಟೂಪ್ ಸರ್ ಪೆನ್ನು ಜೇಬಿಗೆ ಹಾಕಿ ಬಂಗುಡೆ ಮುರಿದರು, ಎರಡು ಸಲ ಅನ್ನ ಹಾಕಿಸಿಕೊಂಡರು, ಏನು ಬರೆದುಕೊಂಡರು ಎಂದು ಹೇಳದೆ ಕಾರು ಹತ್ತಿದರು.

ಫಲಿತಾಂಶ ಮೊನ್ನೆ ಮಧ್ಯಾಹ್ನ ಮೂರಕ್ಕೆ ಎಂದು ತಾವು ಘೋಷಿಸಿದ್ದಿರಿ. ಮೂರಕ್ಕೆ ನಮ್ಮ ಮೆಸ್ಸಿನಲ್ಲಿ ಮೂವತ್ತು ಜನ ಒಂದೇ ಫೋನಿನ ಸುತ್ತ ನಿಂತಿದ್ದೆವು. ತಮ್ಮ ಪುಟ ತೆರೆಯಲಿಲ್ಲ. ಮೂರೂವರೆಗೆ ಅರ್ಧ ತೆರೆದು, ಅನ್ಸಿಲಳ ಹೆಸರನ್ನು ತೋರಿಸಿ, ಮುಚ್ಚಿಕೊಂಡಿತು. ಅವಳು ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು, ತಂಗಮಣಿ ಒಲೆ ಆರಿಸಿ ಬಂದು ಅವಳ ಪಕ್ಕ ಕೂತಳು. ನಾಲ್ಕು ಗಂಟೆ ಐದು ನಿಮಿಷಕ್ಕೆ ಪುಟ ತೆರೆಯಿತು. ಪಾಸು. ಎಲ್ಲರೂ ಒಟ್ಟಿಗೆ ಮಾತಾಡಿದರು, ಶಶಿ ಹೊರಗಿಂದ ಓಡಿ ಬಂದು ಯಾರಿಗೆ ಬಂತು, ಎಷ್ಟು ಬಂತು ಎಂದು ಕೇಳಿದ. ಅನ್ಸಿಲ ಮನೆಗೆ, ತಾಯಿಗೆ ಫೋನ್ ಮಾಡಿದಳು.

“ಉಮ್ಮಾ, ಈ ಸಲ ಪಾಸಾದೆ.”

ಆಚೆ ಕಡೆಯ ದನಿ ನಮಗೆಲ್ಲ ಕೇಳಿಸಿತು. “ಈ ಸಲ ಅಂದ್ರೆ ಏನೇ?”

ಮೊದಲು ಫೇಲಾದದ್ದನ್ನು ಅವಳು ಮನೆಯಲ್ಲಿ ಹೇಳಿಯೇ ಇರಲಿಲ್ಲ. ನಾಲ್ಕು ವರ್ಷ ಎಲ್ಲವನ್ನೂ ಕಲಿತ ಆ ಹುಡುಗಿ ಫೋನನ್ನು ನನ್ನ ಕೈಗೆ ತುರುಕಿ ತಂಗಮಣಿಯ ಬೆನ್ನ ಹಿಂದೆ ಅಡಗಿದಳು. ಉಮ್ಮನಿಗೆ ಮೊದಲಿನಿಂದ ಎಲ್ಲವನ್ನೂ ವಿವರಿಸಿದವನು ನಾನು. ಅದೇ ವಿವರಣೆಯನ್ನು, ಬೈಗುಳಗಳನ್ನು ಮಾತ್ರ ತೆಗೆದು, ಈಗ ತಮಗೂ ಬರೆದಿದ್ದೇನೆ.

ಆದ್ದರಿಂದ ತಾವು ದಯಮಾಡಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗಾದರೂ ಒಂದರಿಂದ ಎಣಿಸಲು ಮಕ್ಕಳಿಗೆ ಅನುಮತಿ ನೀಡಬೇಕೆಂದೂ, ಬಡಿಸುವವರನ್ನು ಮೊದಲು ಕೇಳುವುದು ಎಂಬ ಹೊಸ ವಿಷಯವನ್ನು ಪಠ್ಯಕ್ಕೆ ಸೇರಿಸಿ ದಾಮೋದರನ್ ಚೇಟ್ಟನನ್ನು ಅದಕ್ಕೆ ಪ್ರಾಧ್ಯಾಪಕರನ್ನಾಗಿ ನೇಮಿಸಿ, ಆದರೆ ಊಟದ ಹೊತ್ತಿಗೆ ವಾಪಸ್ ಕಳಿಸಿಕೊಡಬೇಕೆಂದೂ, ಆ ತುದಿಯಿಲ್ಲದ ಪಟ್ಟಿಯ ಯಂತ್ರವನ್ನು ಯಾರಾದರೂ ತಯಾರಿಸಿದ ದಿನ ಅದರಲ್ಲಿ ಒಂದೆರಡು ಗಜ ಕತ್ತರಿಸಿ ನಮಗೆ ಮೇಜು ಒರೆಸಲು ಕೊಡಬೇಕೆಂದೂ ಕೇಳಿಕೊಳ್ಳುತ್ತೇನೆ.

ತಮ್ಮ ಮಕ್ಕಳ ಎಂಜಲು ತಟ್ಟೆಗಳ ಮೇಲಾಣೆ,
ತಮ್ಮ ವಿಶ್ವಾಸಿ,
ಸುಗತನ್
(ತಂಗಮಣಿಯ ಒಪ್ಪಿಗೆ ಪಡೆದು)

ತಾ.ಕ.: ಒಂದು ಗಂಟೆ ಐದು ನಿಮಿಷ ಬಾಗಿಲು ಹಾಕಿಕೊಂಡಿದ್ದ ತಮ್ಮ ಫಲಿತಾಂಶದ ಪುಟವನ್ನು ಕಟ್ಟಿದವರು ತಮ್ಮ ಪದವಿಯನ್ನೇ ಪಡೆದವರಾದರೆ, ಪರೀಕ್ಷಕರಾಗಿ ಬಂದು ಅವರನ್ನು ಪಾಸು ಮಾಡಿದವರಿಗೆ ಆ ದಿನ ಊಟ ಎಲ್ಲಿ ಹಾಕಿಸಿದ್ದಿರಿ ಎಂದು ದಯವಿಟ್ಟು ತಿಳಿಸಿ. ಅಷ್ಟು ರುಚಿಯಾಗಿ ಅಡುಗೆ ಮಾಡುವುದನ್ನು ತಂಗಮಣಿ ಕಲಿಯಬೇಕಂತೆ.