ನನಗಾಗಿ ಅಳಿಸಿ

"ಇನ್ನು ಮುಂದೆ ನನ್ನ ಒಬ್ಬ ಸ್ನೇಹಿತನೂ ಕೈತಪ್ಪಿ ಹೋಗೋ ಹಾಗಿಲ್ಲ!" ಎಂದು ಐವತ್ತನೇ ಹುಟ್ಟುಹಬ್ಬದ ದಿನ ಸೋಡಾಬುಡ್ಡಿ ಘೋಷಿಸಿದಾಗ ಅವನ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು.

ಸೋಡಾಬುಡ್ಡಿ ಎನ್ನುವುದು ಶಾಲೆಯಲ್ಲಿ ಅವನ ದಪ್ಪ ಗಾಜಿನ ಕನ್ನಡಕಕ್ಕೆ ಸಿಕ್ಕ ಬಿರುದು. ಆ ಸೇಡು ತೀರಿಸಿಕೊಳ್ಳಲೋ ಏನೋ, ದೊಡ್ಡವನಾದ ಮೇಲೆ ಅವನು ಕನ್ನಡಕದ ಅಂಗಡಿಯನ್ನೇ ತೆರೆದು, ಊರಿನ ಅರ್ಧ ಜನರ ಮೂಗಿನ ಮೇಲೆ ಗಾಜು ಕೂರಿಸಿಬಿಟ್ಟಿದ್ದ.

"ಅದಕ್ಕೆ ಏನು ಮಾಡ್ತೀರಂತೆ?" ಎಂದಳು ಹೆಂಡತಿ.

"ಮೊಬೈಲ್ ಇದೆಯಲ್ಲ! ಶಾಲೆಯವರ ಗುಂಪಲ್ಲಿ ಮೂವತ್ತೊಂದು ಜನ ಇದೀವಿ. ದಿನಾ ಎಲ್ಲರ ಯೋಗಕ್ಷೇಮ ವಿಚಾರಿಸ್ತೀನಿ. ಕೂತಲ್ಲಿಂದಲೇ!"

"ಕೂತಲ್ಲಿಂದಲೇ ಅನ್ನೋದನ್ನ ಮಾತ್ರ ತಪ್ಪದೆ ಪಾಲಿಸ್ತೀರಿ. ಅದರಲ್ಲಿ ನನಗೆ ಸಂಶಯ ಇಲ್ಲ."

ಅವನು ಹೇಳಿದಂತೆಯೇ ನಡೆದುಕೊಂಡ. ಹಲ್ಲುಜ್ಜುವ ಮೊದಲೇ ಗುಂಪಿಗೊಂದು ಹೂವು, ಕಾಫಿಯ ಜೊತೆ ಎಲ್ಲರ ಫೋಟೋಗಳಿಗೂ ಎತ್ತಿದ ಹೆಬ್ಬೆಟ್ಟು, ಊಟದ ಹೊತ್ತಿಗೆ ಕೈಮುಗಿದ ಚಿತ್ರ. ಈ ಚಟ ಎಷ್ಟು ಹತ್ತಿಕೊಂಡಿತೆಂದರೆ, ಹಜಾರದಲ್ಲಿ ಕೂತು ಅಡುಗೆಮನೆಯ ಹೆಂಡತಿಗೂ ಮೆಸೇಜನ್ನೇ ಕಳಿಸತೊಡಗಿದ. ಎದುರೆದುರು ಮಾತಾಡಿದರೆ ಜಗಳ, ಬರೆದರೆ ಪ್ರೀತಿ ಎಂಬುದು ಅವನ ಹೊಸ ಸಿದ್ಧಾಂತ!

ಒಂದು ಭಾನುವಾರ ಬೆಳಿಗ್ಗೆ ಎಂದಿನಂತೆ ಗುಡುಗು ಹಾಡಿ ಕಳಿಸಿದ್ದ. ಗುಡುಗು ಇವನ ಬೆಂಚಿನವನೇ, ಈಗ ಟೈಲರ್. ಶಾಲೆಯಲ್ಲಿ ಅವನು ಹಾಜರಿ ಹೇಳಿದರೆ ಪಕ್ಕದ ತರಗತಿಯ ಮಕ್ಕಳೂ ಎದ್ದು ನಿಲ್ಲುತ್ತಿದ್ದರು. ಎಂಟು ತಿಂಗಳ ಹಿಂದೆ ಅವನ ಗಂಟಲಿಗೆ ಆಪರೇಷನ್ ಆಯಿತು. ಚೇತರಿಸಿಕೊಂಡ ಮೇಲೆ ಅವನು ದಿನವೂ ಒಂದು ಹಾಡನ್ನು ರೆಕಾರ್ಡ್ ಮಾಡಿ ಗುಂಪಿಗೆ ಹಾಕುತ್ತಿದ್ದ. ಎಣ್ಣೆ ಕಾಣದ ಗೇಟನ್ನು ಯಾರೋ ನಿಧಾನವಾಗಿ ತೆರೆದಂಥ ದನಿ. ಸೋಡಾಬುಡ್ಡಿ ನಾಲ್ಕು ಸೆಕೆಂಡು ಕೇಳುತ್ತಿದ್ದ, ಹೆಬ್ಬೆಟ್ಟು ಎತ್ತುತ್ತಿದ್ದ, ಮುಂದಿನ ಫೋಟೋಕ್ಕೆ ಹೋಗುತ್ತಿದ್ದ.

ಅಂದು ಅವನಿಗೆ ಹಾಸ್ಯಪ್ರಜ್ಞೆ ಉಕ್ಕಿ ಬಂತು. ಅಡುಗೆಮನೆಗೆ ಮೆಸೇಜ್ ಬರೆದ:

"ಗುಡುಗು ಇವತ್ತೂ ಹಾಡಿದಾನೆ. ಕಿವಿಗೂ ಒಂದು ಕಪ್ಪು ಕನ್ನಡಕ ಬೇಕು ಅನ್ನಿಸ್ತು. ಡಾಕ್ಟರು ಗಂಟಲಿಗೆ ಹಾಕಿದ ಹೊಲಿಗೇನ ಬಾಯಿಗೇ ಹಾಕಿದ್ರೆ ಎಲ್ಲರಿಗೂ ಉಪಕಾರ ಆಗ್ತಿತ್ತು!"

ಕಳಿಸಿ, ನಗು ಕೇಳಿಸಲಿ ಎಂದು ಕಿವಿ ನಿಮಿರಿಸಿ ಕೂತ. ಅಡುಗೆಮನೆಯಿಂದ ಪಾತ್ರೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಏನೇ, ನಗು ಬರಲಿಲ್ವಾ?"

"ಯಾವುದಕ್ಕೆ? ನನಗೇನೂ ಬಂದಿಲ್ಲ ರೀ."

ಸೋಡಾಬುಡ್ಡಿ ಕೆಳಗೆ ನೋಡಿದ. ಪರದೆಯ ನೆತ್ತಿಯ ಮೇಲೆ ಹೆಂಡತಿಯ ಹೆಸರಿರಲಿಲ್ಲ. ಶಾಲೆಯ ಗುಂಪಿನ ಹೆಸರಿತ್ತು!

ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿದ. ಎರಡು ಸಾಲು ಕಾಣಿಸಿದವು: "ಎಲ್ಲರಿಗಾಗಿ ಅಳಿಸಿ", "ನನಗಾಗಿ ಅಳಿಸಿ". ಗಡಿಬಿಡಿಯಲ್ಲಿ ಬೆರಳು ಒಂದರ ಮೇಲೆ ಬಿತ್ತು. ಮೆಸೇಜ್ ಮಾಯ! ಉಸ್ಸಪ್ಪಾ ಎಂದು ಸೋಫಾಕ್ಕೆ ಒರಗಿದ.

ಫೋನು ಹೊಡೆದುಕೊಂಡಿತು. ಜೊತೆಯಲ್ಲಿ ಓದಿದ ಲಾಯರಮ್ಮ.

"ಲೋ ಸೋಡಾಬುಡ್ಡಿ, ತಲೆ ಕೆಟ್ಟಿದೆಯೇನೋ ನಿನಗೆ? ಮೊದಲು ಅದನ್ನ ಅಳಿಸು!"

"ಅಳಿಸಿದೆ ಕಣೇ!"

"ನನ್ನ ಕಣ್ಣ ಮುಂದೇನೇ ಇದೆಯಲ್ಲೋ! ಯಾವುದನ್ನ ಒತ್ತಿದೆ?"

"ನನಗಾಗಿ..."

"ಸರಿಹೋಯ್ತು. ಈಗ ಅದು ನಿನಗೊಬ್ಬನಿಗೆ ಬಿಟ್ಟು ಮೂವತ್ತು ಜನಕ್ಕೂ ಕಾಣುತ್ತೆ. ನೀನಂತೂ ಇನ್ನು ಅದನ್ನ ಮುಟ್ಟೋಕೂ ಆಗಲ್ಲ."

"ಬೇರೆ ಯಾರಿಂದಲೂ ಅಳಿಸೋಕಾಗಲ್ವಾ?"

"ಅಡ್ಮಿನ್ ಕೈಲಿ ಆಗುತ್ತೆ."

"ಹಾಗಾದ್ರೆ ಅಡ್ಮಿನ್‌ಗೆ ಫೋನ್ ಮಾಡೇ, ಪುಣ್ಯ ಬರುತ್ತೆ! ಯಾರು ಅಡ್ಮಿನ್?"



"ಗುಡುಗು."

ಸೋಡಾಬುಡ್ಡಿ ತಲೆಯ ಮೇಲೆ ಕೈ ಹೊತ್ತ. ಲಾಯರಮ್ಮನ ತಲೆ ಮಾತ್ರ ಓಡುತ್ತಲೇ ಇತ್ತು. "ಭಾನುವಾರ ಅವನಿಗೆ ಕೈತುಂಬ ಕೆಲಸ, ಇನ್ನೂ ನೋಡಿರಲ್ಲ. ನೀನು ಅಂಗಡಿಗೆ ಓಡು, ಹೇಗಾದ್ರೂ ಅವನ ಫೋನ್ ಹಿಡಿದು ಅಳಿಸು. ಅಲ್ಲೀವರೆಗೆ ನಾವೆಲ್ಲ ಹೂವು, ಸೂರ್ಯೋದಯ, ಕೈಗೆ ಸಿಕ್ಕಿದ್ದನ್ನ ಹಾಕಿ ಹಾಕಿ ನಿನ್ನ ಮೆಸೇಜನ್ನ ಕಾಣದ ಹಾಗೆ ಮೇಲಕ್ಕೆ ದಬ್ತೀವಿ!"

ಚಪ್ಪಲಿ ಮೆಟ್ಟುತ್ತಲೇ ಹೆಂಡತಿಗೆ ವಿಷಯ ಹೇಳಿದ.

"ಹೋಗಿ ನಿಜ ಹೇಳಿ ಕ್ಷಮೆ ಕೇಳಿ ರೀ," ಎಂದಳು ಅವಳು.

"ಅದು ಕೊನೇ ಅಸ್ತ್ರ!" ಎಂದವನೇ, ನೆಪಕ್ಕಿರಲಿ ಎಂದು ಮಡಚಿಟ್ಟ ಬಟ್ಟೆಗಳ ರಾಶಿಯಿಂದ ಸರಿಯಾಗಿ ನೋಡದೆಯೇ ಪ್ಯಾಂಟೊಂದನ್ನು ಎಳೆದುಕೊಂಡು ಹೊರಬಿದ್ದ.

ಗುಡುಗಿನ ಅಂಗಡಿ ಇದ್ದದ್ದು ನಾಲ್ಕು ಬೀದಿಯಾಚೆ. ಎರಡನೇ ಬೀದಿಗೇ ಏದುಸಿರು, ಮೂರರಲ್ಲಿ ಪಕ್ಕೆನೋವು. ಅಂಗಡಿಯ ಮೆಟ್ಟಿಲು ಹತ್ತುವಾಗ ಒಳಗಿನಿಂದ ಸದ್ದು ಕೇಳಿಸಿತು. ಟಿಣ್! ಟಿಣ್! ಟಿಣ್! ಕತ್ತರಿಸುವ ಮೇಜಿನ ಮೇಲೆ, ಸೀಮೆಸುಣ್ಣದ ಡಬ್ಬಿಯ ಪಕ್ಕದಲ್ಲಿ ಗುಡುಗಿನ ಫೋನು ಹೂವುಗಳ ಹೊಡೆತಕ್ಕೆ ಜಾಗ ಬಿಟ್ಟು ಕದಲುತ್ತಿತ್ತು. ಮರೆಮಾಡಲು ಹಾಕುತ್ತಿದ್ದ ಹೂವುಗಳೇ ಡಂಗುರ ಸಾರುತ್ತಿದ್ದವು!

ಕಪ್ಪು ಕೋಟಿನ ಬಟ್ಟೆಯ ಮುಂದೆ ಕತ್ತರಿ ಹಿಡಿದು ನಿಂತಿದ್ದ ಗುಡುಗು ತಲೆಯೆತ್ತಿ ನೋಡಿದ. ಒಂದು ಮಾತಿಲ್ಲ.

"ಏನೋ ಗುಡುಗು, ಆರಾಮಾ?"

ಗುಡುಗು ತುಟಿ ಬಿಚ್ಚಲಿಲ್ಲ. ಕತ್ತರಿ ಮಾತ್ರ ಕಚಕ್ಕೆಂದಿತು. ಓದಿಬಿಟ್ಟಿದ್ದಾನೆ ಎಂದುಕೊಂಡ ಸೋಡಾಬುಡ್ಡಿ. ಮರುಕ್ಷಣವೇ, ಓದಿದ್ದರೆ ಕತ್ತರಿ ಇಷ್ಟು ಹೊತ್ತಿಗೆ ನನ್ನ ಕಡೆ ಬರುತ್ತಿತ್ತು ಎಂದು ಸಮಾಧಾನ ಮಾಡಿಕೊಂಡ.

"ಪ್ಯಾಂಟ್ ಸೊಂಟದಲ್ಲಿ ಬಿಗಿ ಕಣೋ, ಸ್ವಲ್ಪ ಬಿಚ್ಚಿ ಹೊಲಿದುಕೊಡು," ಎಂದು ಕೈಯಲ್ಲಿದ್ದುದನ್ನು ಹರಡಿದ. ಹಳದಿ ಹೂವಿನ ಕಿಟಕಿ ಪರದೆ!

ಗುಡುಗು ಪರದೆಯನ್ನು ನೋಡಿದ. ಸೋಡಾಬುಡ್ಡಿಯ ಸೊಂಟವನ್ನು ನೋಡಿದ. ಕೊರಳಿನ ಟೇಪು ತೆಗೆದು, ಮಾತಿಲ್ಲದೆ ಅಳತೆಗೆ ನಿಂತ.

ಎರಡೂ ಕೈ ಚಾಚಿ ನಿಂತ ಸೋಡಾಬುಡ್ಡಿಯ ಬಲಗೈಗೆ ಫೋನು ಒಂದು ಗೇಣು ದೂರ. ಟೇಪು ಸೊಂಟ ಸುತ್ತುತ್ತಿದ್ದಾಗ ಬೆರಳುಗಳು ಮೇಜಿನ ಮೇಲೆ ಏಡಿಯಂತೆ ಹರಿದವು. ಸಿಕ್ಕಿತು! ಆದರೆ ಫೋನಿನ ಪರದೆಯ ಮೇಲೆ ಬೀಗದ ಗುರುತು. ಗುಡುಗಿನ ಬೆರಳಚ್ಚು ಬೇಕು.

"ಎಷ್ಟು ದಿನ ಆಯ್ತೋ ನಿನ್ನ ನೋಡಿ! ಕೈ ಕೊಡೋ!" ಎಂದು ಗೆಳೆಯನ ಕೈಯನ್ನು ಭಾವುಕನಾಗಿ ಹಿಡಿದು, ಅವನ ಹೆಬ್ಬೆಟ್ಟನ್ನು ಹಾಗೇ ಹಿಂದಕ್ಕೆ ಒಯ್ದು ಅಲ್ಲಿ ಅಡಗಿಸಿದ್ದ ಫೋನಿನ ಮೇಲೆ ಒತ್ತಲು ಹೋದ.

ಗುಡುಗು ಕೈ ಕಿತ್ತುಕೊಂಡ. ಬಗ್ಗಿ ನೋಡಿದ. ತನ್ನದೇ ಫೋನು ಗೆಳೆಯನ ಬೆನ್ನ ಹಿಂದೆ ಟಿಣ್ ಟಿಣ್ ಎನ್ನುತ್ತಿತ್ತು.

ಆಗಲೂ ಅವನು ಒಂದು ಮಾತೂ ಆಡಲಿಲ್ಲ. ಆ ಮೌನಕ್ಕೆ ಸೋಡಾಬುಡ್ಡಿಯ ಧೈರ್ಯವೆಲ್ಲ ಕರಗಿ ಹೋಯಿತು.

"ಬೈಯೋ! ಎರಡು ಬಾರಿಸೋ! ಹೀಗೆ ಸುಮ್ಮನೆ ನಿಂತ್ಕೋಬೇಡ ಕಣೋ! ಹೌದು, ನಾನೇ ಬರೆದೆ. ಕಿವಿಗೆ ಕಪ್ಪು ಕನ್ನಡಕ ಬೇಕು ಅಂದೆ, ಹೊಲಿಗೇನ ಬಾಯಿಗೇ ಹಾಕಬೇಕಿತ್ತು ಅಂದೆ. ತಪ್ಪಾಯ್ತು ಮಾರಾಯ!" ಎಂದು ಒಂದಕ್ಷರ ಬಿಡದೆ ಒಪ್ಪಿಸಿಬಿಟ್ಟ.

ಗುಡುಗು ಫೋನು ತೆಗೆದುಕೊಂಡು ನಲವತ್ತಾರು ಹೂವು, ಒಂಬತ್ತು ಸೂರ್ಯೋದಯಗಳನ್ನು ದಾಟಿ ಆ ಮೆಸೇಜಿಗೆ ಬಂದು, ನಿಧಾನವಾಗಿ ಓದಿದ. ಮುಖ ಸ್ವಲ್ಪ ಸಣ್ಣದಾಯಿತು. ಆಮೇಲೆ ಸೀಮೆಸುಣ್ಣ ಎತ್ತಿಕೊಂಡು ಕೋಟಿನ ಬಟ್ಟೆಯ ಮೇಲೆ ಬರೆದ:

"ನಾನು ಇನ್ನೂ ಓದಿರಲಿಲ್ಲ."

"ಮತ್ತೆ... ಬಂದಾಗಿನಿಂದ ಯಾಕೋ ಮಾತಾಡಲಿಲ್ಲ?"

ಸೀಮೆಸುಣ್ಣ ಮತ್ತೆ ಓಡಿತು: "ದಿನಕ್ಕೆ ಹತ್ತು ನಿಮಿಷ ಮಾತ್ರ ಬಾಯಿ ಬಿಡಬೇಕು ಅಂದಿದಾರೆ ಡಾಕ್ಟರು. ಅದು ನಿಮಗೆ ಹಾಡೋದಕ್ಕೇ ಮುಗಿಯುತ್ತೆ. ದಿನಾ ಹಾಡಿನ ಕೊನೇಲಿ ಹೇಳ್ತೀನಲ್ಲ."

ಸೋಡಾಬುಡ್ಡಿ ಯಾವ ಹಾಡಿನ ಕೊನೆಯನ್ನೂ ಮುಟ್ಟಿದವನಲ್ಲ. ಹತ್ತು ನಿಮಿಷದ ಬಾಯಿ ಇರುವವನು ಹತ್ತನ್ನೂ ಸ್ನೇಹಿತರಿಗೆ ಕೊಟ್ಟಿದ್ದ. ದಿನವಿಡೀ ಬಾಯಿ ಇರುವ ಇವನು ಕೊಟ್ಟದ್ದು ಒಂದು ಹೆಬ್ಬೆಟ್ಟು. ತಲೆ ತಗ್ಗಿಸಿ, ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತ.

ಗುಡುಗು ಫೋನಿನ ಮೇಲೆ ಎರಡು ಮೂರು ಸಲ ಬೆರಳಾಡಿಸಿದ. ಮೆಸೇಜ್ ಎಲ್ಲರಿಗಾಗಿ ಅಳಿಯಿತು. ಜೊತೆಗೇ ಸೋಡಾಬುಡ್ಡಿಯ ಜೇಬಿನಲ್ಲಿ ಫೋನು ಗುರ್ ಎಂದಿತು. ತೆಗೆದು ನೋಡಿದರೆ: "ಅಡ್ಮಿನ್ ನಿಮ್ಮನ್ನು ಗುಂಪಿನಿಂದ ತೆಗೆದುಹಾಕಿದ್ದಾರೆ."

"ಗುಡುಗೂ!"

ಗುಡುಗು ಬಟ್ಟೆಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಬರೆದ: "ಆಪರೇಷನ್ ಆಗಿ ಎಂಟು ತಿಂಗಳು. ನೀನು ನನ್ನ ನೋಡೋಕೆ ಇವತ್ತು ಬಂದೆ. ಹಾಡು ಬೆಳಿಗ್ಗೆ ಏಳಕ್ಕೆ. ಇನ್ಮೇಲೆ ಇಲ್ಲೇ ಬಂದು ಪೂರ್ತಿ ಕೇಳು." ಬರೆದು ಮುಗಿಸಿ, ದನಿಯೇ ಇಲ್ಲದೆ, ಭುಜ ಕುಲುಕಿಸಿ ನಕ್ಕ.

ಮನೆ ಬಾಗಿಲಲ್ಲೇ ಹೆಂಡತಿ ಕಾಯುತ್ತಿದ್ದಳು.

"ಅಳಿಸಿದ್ರಾ ರೀ?"

"ಅಳಿಸಿದ."

"ಸದ್ಯ! ಮೆಸೇಜ್ ಹೋಯ್ತಲ್ಲ."

"ಮೆಸೇಜೂ ಹೋಯ್ತು, ನಾನೂ ಹೋದೆ ಕಣೇ," ಎಂದು ಸೋಡಾಬುಡ್ಡಿ ಸೋಫಾದ ಮೇಲೆ ಕುಸಿದು, ಬೆಳಿಗ್ಗೆ ಆರೂವರೆಗೆ ಅಲಾರಂ ಇಟ್ಟ.