ಹಾಟೇಲಿಗೆ ಎಷ್ಟು ಗೋಡಿ?

"ಆ ಗೋಡಿ ಅಲ್ಲಿ ಬಂತಂದ್ರ ಒಲಿ ಎಲ್ಲಿಡಾಂವ ನೀನು? ತಲಿ ಮ್ಯಾಲ ಇಟ್ಕೋತೀಯೇನು?" ಎಂದ ಬಂದೇನವಾಜ.

ಶ್ರೀಶೈಲಪ್ಪ ಮುಂಜಾನೆಯಷ್ಟೇ ಸಾರಿಸಿದ ಪಡಸಾಲೆಯ ನೆಲದ ಮೇಲೆ ಇದ್ದಲಿಯಿಂದ ಹೋಟೇಲಿನ ನಕ್ಷೆಗೆ ಇನ್ನೊಂದು ಗೆರೆ ಎಳೆದ. ಸಾರಿಸಿದವಳು ಅವನ ಹೆಂಡತಿ ಮಲಕವ್ವ. ಅಡುಗೆಮನೆಯ ಹೊಸ್ತಿಲ ಬಳಿ ಜೋಳ ಹಸನು ಮಾಡುತ್ತ ಕುಂತಿದ್ದ ಆಕೆ ಆ ಗೆರೆಯನ್ನು ನೋಡಿದಳು, ಗಂಡನನ್ನೂ ನೋಡಿದಳು, ಮತ್ತೆ ಮೊರ ಕೇರಿದಳು.

ಜತ್ತಿನ ಪೇಟೆಯ ಕಟ್ಟೆಯ ಮೇಲೆ ಆಗ ಸಂಜೆಯಾದರೆ ಒಂದೇ ಮಾತು. ಸಂಸ್ಥಾನ ಹೋಯಿತು, ನಮ್ಮದೇ ರಾಜ್ಯ ಬಂತು, ಊರಿಗೇನು ಬಂತಪ್ಪ? ಸಾಂಗ್ಲಿಯಲ್ಲಿ ನಳ ಇದೆ, ಸೋಲಾಪುರದಲ್ಲಿ ಸಿನೆಮಾ ಇದೆ, ಮಿರಜಿನಲ್ಲಿ ರೈಲಿದೆ, ನಮ್ಮಲ್ಲಿ ಧೂಳಿದೆ. ಒಬ್ಬನಿಗೆ ಕನ್ನಡಿಯಿರುವ ಸಲೂನು ಬೇಕು, ಇನ್ನೊಬ್ಬನಿಗೆ ನೀರು ಗಡ್ಡೆಗಟ್ಟಿಸುವ ಬರ್ಫಿನ ಕಾರಖಾನೆ. ಮನೆಯಲ್ಲಿ ಕುಡಿಯುವ ನೀರಿಗೆ ಬಾವಿ ಹುಡುಕುವವನಿಗೂ ಬರ್ಫು ಬೇಕು. ಕಡೆಗೆ ಎಲ್ಲರೂ ಒಪ್ಪಿದ್ದು ಒಂದು ಚಹಾದ ಹೋಟೇಲಿಗೆ.

ಜೋಳದ ವ್ಯಾಪಾರಿ ಶ್ರೀಶೈಲಪ್ಪ ಆ ಮಾತು ಕೇಳಿ ಕೇಳಿ ನಂಬಿಬಿಟ್ಟ. ಚೀಲದ ಧೂಳು ಕುಡಿದು ಅರ್ಧ ಆಯುಷ್ಯ ಕಳೆದವನಿಗೆ, ಗಲ್ಲಾದ ಹಿಂದೆ ಖುರ್ಚಿ ಹಾಕಿಕೊಂಡು 'ಎರಡು ಚಾ ಬರಲಿ' ಎಂದು ಒಳಗೆ ಕೂಗಬೇಕೆಂಬ ಆಸೆ ಹರೆಯದಿಂದಲೂ ಇತ್ತು. ಬಾಲ್ಯದ ಗೆಳೆಯ ಬಂದೇನವಾಜ ಸೋಲಾಪುರದ ಹೋಟೇಲಿನಲ್ಲಿ ವರ್ಷಗಟ್ಟಲೆ ಚಹಾ ಕುದಿಸಿ ಊರಿಗೆ ಮರಳಿದ್ದ. ಮೋಟಾರು ಸ್ಟ್ಯಾಂಡಿನ ಎದುರಿಗೆ ಧೂಳಪ್ಪನ ಅಂಗಡಿ ಖಾಲಿ ಬಿದ್ದಿತ್ತು. ಅಂಗಡಿ ಇವನು ಹಿಡಿಯಬೇಕು, ಒಲೆ ಅವನು ನೋಡಬೇಕು. ಇವತ್ತು ದೀಪ ಹಚ್ಚುವುದರೊಳಗೆ ಹೂಂ ಅನ್ನದಿದ್ದರೆ ಅಂಗಡಿ ಸೈಕಲ್ ಬಾಡಿಗೆ ಕೊಡುವವನ ಪಾಲು ಎಂದು ಧೂಳಪ್ಪ ಖಡಾಖಡಿ ಹೇಳಿ ಕಳಿಸಿದ್ದ.

ಶ್ರೀಶೈಲಪ್ಪ ಕೆಟ್ಟಿದ್ದು ಊರವರ ಅಭಿಪ್ರಾಯ ಕೇಳಲು ಹೋಗಿ. ಬೇಡ ಅಂದವರು ಒಬ್ಬರೂ ಇಲ್ಲ. ಎಲ್ಲರೂ ಬೆನ್ನು ಚಪ್ಪರಿಸಿದರು, ಚಪ್ಪರಿಸಿ ಒಂದೊಂದು ಸಣ್ಣ ಕರಾರು ಹಾಕಿದರು. ಅಣ್ಣಾರಾಯಗೌಡರಿಗೆ ಮಂದಿ ಬಾಯಿ ಹಚ್ಚಿದ ಕಪ್ಪು ಸೇರದು, ಅವರ ಕಪ್ಪು-ಬಸಿ ಬೇರೆ ಗೂಟಕ್ಕೆ ತೂಗಬೇಕು. ಮುರಗೆಪ್ಪನಿಗೆ ದಾರಿ ಹಿಡಿದು ಹೋಗುವ ಮಠದ ಅಯ್ಯನವರ ಕಣ್ಣಿಗೆ ಬೀಳದ ಮೂಲೆ ಬೇಕು. ಬಂದೇನವಾಜನ ಕಾಕಾ ಪೀರಸಾಬ ಹತ್ತಿ ಹಿಂಜುವ ಪಿಂಜಾರರು ಕುಂತ ಬಾಂಕಿನ ಹಲಗೆಯ ಮೇಲೆ ಕೂಡ್ರುವವನಲ್ಲ. ಹೀಗೆ ಒಂದೊಂದು ಕರಾರಿಗೆ ಒಂದೊಂದು ಗೋಡೆ ಎದ್ದು, ಇದ್ದ ಒಂದು ಖೋಲಿ ಜೇನುಗೂಡಾಗಿತ್ತು.

"ಊರ ಹೊರಗಿನ ಓಣಿಯವರು ಬಂದ್ರ?" ಎಂದು ಬಂದೇನವಾಜ ಕೇಳಿದ. "ಸರಕಾರ ಕಾಯ್ದೆ ಮಾಡ್ಯದ. ಹಾಟೇಲಂದ್ರ ಎಲ್ಲಾರಿಗೂ ಒಂದ ಬಾಗಲಾ."

"ಬಾಗಲಾ ಒಂದ ಇಡೋಣು. ಕಾಯ್ದೆದಾಗ ಗೋಡಿ ಮಾತು ಇಲ್ಲಲ್ಲ."

"ಶಾಣ್ಯಾ ಅದಿ. ವಕೀಲ ಆಗಬೇಕಾಗಿತ್ತು ನೀನು."

ಬಂದೇನವಾಜ ಬೀಡಿ ಹಚ್ಚಿದ. ಶ್ರೀಶೈಲಪ್ಪ ತಡವರಿಸುತ್ತ ಇನ್ನೂ ಒಂದು ಮಾತು ತೆಗೆದ. ತಪ್ಪು ತಿಳಿಯಬಾರದು, ತನಗೇನೂ ಇಲ್ಲ, ಮಂದಿ ಸಲುವಾಗಿ ಅಷ್ಟೇ. ಒಲೆಯ ಮುಂದೆ ಒಂದು ಪರದೆ ಇದ್ದರೆ ಚಲೋ.

"ಅಂದ್ರ ಚಾ ನಾ ಮಾಡಬೇಕು, ಮಾರಿ ನೀ ತೋರಸಬೇಕು."

"ಹಂಗಲ್ಲೋ ದೋಸ್ತ."

"ಮತ್ತ ಹ್ಯಾಂಗೋ? ನಮ್ಮ ಮನ್ಯಾಗ ನನ್ನ ಹೇಣ್ತಿ ಕಾಸೀಂಬಿಗೂ ಇಷ್ಟು ಪರದೆ ಇಲ್ಲ, ನನಗ ಹಾಕಾಂವ ಆದಿ."

ಹೊಸ್ತಿಲ ಬಳಿ ಮೊರದ ಸದ್ದು ನಿಂತಿತು. "ಬಂದೇನವಾಜಣ್ಣ, ನಮ್ಮ ಗೌಡ್ರು ಸೋಲಾಪುರಕ್ಕ ಬಂದಾಗ ಚಾ ಎಲ್ಲಿ ಕುಡೀತಿದ್ರು?" ಎಂದಳು ಮಲಕವ್ವ.

"ನನ್ನ ಹತ್ರಾನ ವೈನಿ. ತಲಿ ಪಟಕಾದ ಸೆರಗು ಮೂಗಿನ ಮಟ ಇಳಿಸಿ, ಎರಡು ಕಪ್ಪು, ಮ್ಯಾಲ ಒಂದ ಬಸಿ ಭಜಿ. ಬಾಜೂಕ ಯಾರು ಕುಂತಾರಂತ ತಿರುಗಿ ನೋಡಲಿಲ್ಲ."

ಶ್ರೀಶೈಲಪ್ಪ ಇದ್ದಲಿ ಕೆಳಗಿಟ್ಟ. ಅವತ್ತು ಗೌಡರ ಬಾಜೂಕೇ ಅವನೂ ಕುಂತಿದ್ದ, ಅದನ್ನು ಗೆಳೆಯ ಹೇಳಲಿಲ್ಲ. ಆ ಉಪಕಾರದ ಭಾರ ಅವನ ಕುತ್ತಿಗೆಗೆ ಬಿತ್ತು.

"ಆತು. ನಾ ಬಂದ್ರ ಎಲ್ಲಿ ಕುಂಡ್ರಲಿ?" ಮಲಕವ್ವ ಎದ್ದು ಬಂದು ಗೆರೆಗಳ ಮೇಲೆ ಬಗ್ಗಿದಳು. "ಇಲ್ಲಿ ಗೌಡ್ರು, ಇಲ್ಲಿ ಮುರಗೆಪ್ಪ, ಇಲ್ಲಿ ಪೀರಸಾಬ ಕಾಕಾ. ನನ್ನ ಖೋಲಿ ಯಾವದ್ರಿ?"

ಶ್ರೀಶೈಲಪ್ಪ ನಿಜವಾಗಿಯೂ ಹುಡುಕಿದ. ಹುಡುಕಿ, ಹಿತ್ತಲ ಕಡೆ ಬೆರಳಿಟ್ಟ.

"ಇಲ್ಲಿ ಕಲ್ಲು ಹಾಸತೀನಿ. ಕಪ್ಪು ತೊಳಿಲಿಕ್ಕ ನಿನಗ ಭಾಳ ಅನುಕೂಲ ಆಗತದ."

ಬಂದೇನವಾಜನಿಗೆ ಒಮ್ಮೆಲೇ ಕೆಮ್ಮು ಬಂತು.

ಮಲಕವ್ವ ಸಿಟ್ಟಾಗಲಿಲ್ಲ, ಅದೇ ಗಂಡನಿಗೆ ಅಂಜಿಕೆ. ಸಗಣಿ ನೀರಿನ ಬೋಗುಣಿ ತಂದಳು. ಸಾರಿಸುತ್ತ ಸಾರಿಸುತ್ತ ಗೌಡರು ಹೋದರು, ಮುರಗೆಪ್ಪ ಹೋದ, ಪೀರಸಾಬ ಹೋದ.

"ಈ ಮಂದಿಗೆ ಬೇಕಾದ್ದು ಹಾಟೇಲಲ್ರಿ, ತಮ್ಮ ಗುರುತು ಯಾರಿಗೂ ಇಲ್ಲದ ಊರು. ಮಗ್ಗಲ ಊರು ಶೇಗಾಂವದಾಗ ತೆಗೀರಿ. ಜತ್ತಿನವರು ಅಲ್ಲಿಗೆ ಬರತಾರ. ಶೇಗಾಂವದವರು ಚಾ ಕುಡೀಲಿಕ್ಕ ಮತ್ತೆಲ್ಲಿಗರೆ ಹೋಗತಾರ."

ಆಕೆ ಆಡಿದ್ದು ಚೇಷ್ಟೆಗೆ. ಶ್ರೀಶೈಲಪ್ಪ ಮಾತ್ರ ದೀಪ ಹಚ್ಚುವ ಮೊದಲೇ ಹೋಗಿ ಧೂಳಪ್ಪನಿಗೆ ಒಲ್ಲೆ ಅಂದು ಬಂದ.

ಶೇಗಾಂವದಲ್ಲಿ ಮೋಟಾರು ನಿಲ್ಲುವ ಕಡೆ ಒಂದು ತಗಡಿನ ಚಪ್ಪರ ಎದ್ದಿತು. ಗೋಡೆಗೆ ಗತಿಯಿಲ್ಲ. ಒಂದು ಬಾಂಕು, ಒಂದೇ ರಾಶಿ ಕಪ್ಪು, ರಸ್ತೆಗೆ ಮುಖ ಮಾಡಿದ ಒಲೆ, ಒಲೆಯ ಮುಂದೆ ಬಂದೇನವಾಜ. ಜತ್ತಿನಿಂದ ಬರುವ ಮೋಟಾರು ಅಲ್ಲಿ ಖಾಲಿಯಾಗತೊಡಗಿತು. ಸಾಂಗ್ಲಿಗೆ ಹೊರಟ ಗೌಡರಿಗೆ ಶೇಗಾಂವಕ್ಕೆ ಬಂದ ಕೂಡಲೇ ನೀರಡಿಕೆ. ಮುರಗೆಪ್ಪ ಎತ್ತು ನೋಡಲು ಬಂದಿದ್ದ. ವಾರ ವಾರವೂ ಎತ್ತು ನೋಡಿದ, ಕೊಂಡಿದ್ದು ಕಾಣಲಿಲ್ಲ. ಪೀರಸಾಬನೇ ಪಿಂಜಾರರ ಮಸ್ತಾನನಿಗೆ ಬಾಂಕಿನಲ್ಲಿ ಜಾಗ ಸರಿದು ಕೊಟ್ಟ. ಒಬ್ಬರನ್ನೊಬ್ಬರು ನೋಡಿದರೂ ಮಳೆಯ ಮಾತಾಡಿ ಎದ್ದು ಹೋಗುವರು. ಸಂಜೆ ಜತ್ತಿನ ಕಟ್ಟೆಯ ಮೇಲೆ ಅದೇ ಮಂದಿ ಕುಂತು, ನಮ್ಮ ಊರಿಗೆ ಒಂದು ಹೋಟೇಲು ಇಲ್ಲ ನೋಡ್ರಿ ಎಂದು ನಿಟ್ಟುಸಿರು ಬಿಡುವರು.

ಒಂದು ಸಂತೆಯ ದಿನ ಮೋಟಾರು ಬಂದು ನಿಂತಿತು. ಗಲ್ಲಾದ ಹಿಂದಿನ ಖುರ್ಚಿಯಲ್ಲಿ ಶ್ರೀಶೈಲಪ್ಪ ಕಾಲ ಮೇಲೆ ಕಾಲು ಹಾಕಿ ಕುಂತಿದ್ದ. ಇಬ್ಬರು ಹೆಣ್ಣುಮಕ್ಕಳು ಇಳಿದು, ನೆಟ್ಟಗೆ ಬಂದು, ಗಂಡಸರು ತುಂಬಿದ ಬಾಂಕಿನ ತುದಿಗೆ ಕುಂತರು. ಒಬ್ಬಾಕೆ ಬಂದೇನವಾಜನ ಹೆಂಡತಿ ಕಾಸೀಂಬಿ. ಇನ್ನೊಬ್ಬಾಕೆ ಸೆರಗು ಮೂಗಿನ ತನಕ ಎಳೆದುಕೊಂಡಿದ್ದರೂ ಅವನಿಗೆ ಗುರುತು ಹತ್ತದೆ ಇರಲಿಲ್ಲ. ಗೌಡರ ಬಸಿ ತುಟಿಯ ಹತ್ತಿರ ನಿಂತಿತು. ಶ್ರೀಶೈಲಪ್ಪ ಎದ್ದು ಬಂದು, ಹಲ್ಲು ಕಚ್ಚಿ, ಏನಿದು ಎಂದು ಮೆಲ್ಲಗೆ ಕೇಳಿದ.

"ಎರಡು ಚಾ ಕೊಡ್ರಿ ಯಜಮಾನ್ರ," ಎಂದಳು ಮಲಕವ್ವ. "ನಾವು ಈ ಊರವರಲ್ಲ. ಆದ್ರೂ ಒಂದು ಮಾತು, ನಮ್ಮ ಮನ್ಯಾವ್ರು ಭಾಳ ಕಟ್ಟುನಿಟ್ಟು ಅದಾರ. ಅವರ ಕಿವಿಗೆ ಬೀಳದಂಗ ನೋಡ್ಕೋರಿ."