ಮಾವನ ಕಿವಿಗೆ ಅಳಿಯನ ಫೋನು

"ಈ ಸಾಧನವನ್ನು ನೆನಪಿಟ್ಟುಕೊಳ್ಳಲೇ?" ಎಂದು ಫೋನು ಕೇಳಿತು. ಮಾವನ ಹೊಸ ಕಿವಿ ಮೆಷಿನ್ನಿನ ದನಿ ಹೊಂದಿಸಲು ತನ್ನ ಫೋನನ್ನೇ ಅದಕ್ಕೆ ಜೋಡಿಸಿದ್ದ ಗುಮಾಸ್ತ, ದಿನಾ ಯಾರು ಈ ರಗಳೆ ಮಾಡುತ್ತಾರೆ ಎಂದು 'ಹೌದು' ಒತ್ತಿದ. ಕೆಟ್ಟದ್ದು ಅಲ್ಲೇ.

ಅಂದು ಸಂಜೆ ಐದಕ್ಕೆ ಬಡಾವಣೆಯ ಕ್ಲಬ್ಬಿನಲ್ಲಿ ಕೇರಂ ಜೋಡಿ ಫೈನಲ್. ಹನ್ನೊಂದು ವರ್ಷ ಮೊದಲ ಸುತ್ತಿನಲ್ಲೇ ಮಣ್ಣು ಮುಕ್ಕಿದವನಿಗೆ ಈ ಸಲ ಅದೃಷ್ಟ ಖುಲಾಯಿಸಿತ್ತು. ಆದರೆ ಗೇಟಿಗೆ ಬಣ್ಣ ಬಳಿಯುವ ಕೆಲಸವನ್ನು ಮಾವ ಅಂದೇ ತಲೆಗೆ ಕಟ್ಟಬೇಕೇ! "ಸಂಜೆ ಆಫೀಸಲ್ಲಿ ಅರ್ಜೆಂಟ್ ಕೆಲಸ ಮಾವ, ಹೋಗ್ಲೇಬೇಕು" ಎಂದು ರೈಲು ಬಿಟ್ಟಿದ್ದ.

ಮಧ್ಯಾಹ್ನ ಅವನ ಜೋಡಿ ಆಟಗಾರ ಡುಮ್ಮನ ಕರೆ ಬಂತು. ರೂಮಿಗೆ ಓಡಿ, ಬಾಗಿಲು ಹಾಕಿ, "ಹಲೋ" ಎಂದ. ಫೋನು ಗಪ್‌ಚಿಪ್. ಕಿವಿಗೆ ಒತ್ತಿದ, ಅಂಗೈಗೆ ಬಡಿದ, ಊದಿದ. ಊಹೂಂ! ಹಜಾರದಲ್ಲಿ ಮಾವ ಮಾತ್ರ ಒಬ್ಬರೇ "ಹೂಂ... ಹೂಂ... ನಾಲ್ಕಕ್ಕಾ? ಆಯ್ತಪ್ಪಾ" ಎನ್ನುತ್ತಿದ್ದರು.

"ನಿಮ್ಮಪ್ಪ ಒಬ್ಬರೇ ಮಾತಾಡ್ತಿದ್ದಾರೆ ಕಣೇ" ಎಂದ ಹೆಂಡತಿಗೆ.

"ನೀವು ಫೋನಿಗೆ ಹೊಡೀತಿದ್ದೀರಲ್ಲ, ಅದಕ್ಕಿಂತ ವಾಸಿ" ಎಂದಳು ಅವಳು.

ರಿಪೇರಿ ಅಂಗಡಿಗೆ ಓಡಿದರೆ, ಅಲ್ಲಿ ಫೋನು ಗಂಟಲು ಹರಿಯುವಂತೆ ಹಾಡಿತು. ಮನೆಗೆ ತಂದರೆ ಮತ್ತೆ ಮೂಗ. "ಬಿಸಿಲಲ್ಲಿ ಇಡಿ" ಎಂದರು ಪಕ್ಕದ ಮನೆಯಾಕೆ. ಇಟ್ಟ. ಕೈ ಸುಟ್ಟಿತು, ಅಷ್ಟೇ. ಪುನಃ ಅಂಗಡಿಗೆ ಓಡಿದ.

ರಿಪೇರಿಯವನು ಫೋನನ್ನು ಕೆದಕಿ ನಕ್ಕ. "ಸಾರ್, ಇದು ಯಾವುದೋ ಕಿವಿ ಮೆಷಿನ್ ಜೊತೆ ಗಂಟು ಹಾಕ್ಕೊಂಡಿದೆ. ನೆನಪಿಟ್ಕೋ ಅಂದಿದ್ದೀರಿ. ಹತ್ರ ಬಂದ ತಕ್ಷಣ ಗುರುತು ಹಿಡಿದು ಮಾತೆಲ್ಲ ಅದಕ್ಕೇ ಕೊಡುತ್ತೆ, ಉತ್ತರಾನೂ ಅದರಿಂದಲೇ ತಗೊಳ್ಳುತ್ತೆ. ಸ್ವಂತದ್ದಾದ್ರೆ ನೆನಪಿರ್ಲಿ, ಬೇರೆಯವರದನ್ನ ಕೆಲಸ ಮುಗಿದ್ಮೇಲೆ ಮರೆಸ್ಬೇಕು."

ಗುಮಾಸ್ತ ಮನೆಯ ಕಡೆ ತಿರುಗಿ ನೋಡಿದ. ಮಾವ ಕೇಳಿಸಿಕೊಂಡರೇ? ಛೆ, ಕೇಳಿಸಿಕೊಂಡಿದ್ದರೆ ಇಷ್ಟು ಹೊತ್ತಿಗೆ ಮನೆಯ ಸೂರೇ ಹಾರಿಹೋಗುತ್ತಿತ್ತು! 'ಮರೆತುಬಿಡು' ಒತ್ತಿದ. ಗೆದ್ದೆ! ಎದೆಯುಬ್ಬಿಸಿಕೊಂಡು ನೇರ ಕ್ಲಬ್ಬಿಗೆ ನಡೆದ. ಐದಕ್ಕೆ ಇನ್ನೂ ಐದು ನಿಮಿಷವಿತ್ತು.

ಒಳಗೆ ಚಪ್ಪಾಳೆಯೋ ಚಪ್ಪಾಳೆ. ಡುಮ್ಮನ ಎದುರು ಕೂತಿದ್ದ ಮಾವ ಆಗಷ್ಟೇ ಕೊನೆಯ ಕಾಯಿಯನ್ನು ಗುಂಡಿಗೆ ತಳ್ಳಿದ್ದರು.

"ಆಟ ನಾಲ್ಕಕ್ಕೇ ಅಂತ ಫೋನ್ ಮಾಡಿದ್ನಲ್ಲೋ!" ಎಂದ ಡುಮ್ಮ. "'ಅಳಿಯಂದ್ರಿಗೆ ಆಫೀಸ್ ಕೆಲಸವಂತೆ, ನಾನೇ ಬರ್ತೀನಿ' ಅಂದ್ರು ನಿಮ್ಮ ಮಾವ. ಎಂಥಾ ಕೈ ಮಾರಾಯ!"

ಮಾವ ಗೆದ್ದ ಕಪ್ಪನ್ನು ಬಗಲಿಗೇರಿಸಿ ಕಿವಿ ಮುಟ್ಟಿಕೊಂಡರು. "ಏನ್ ಅಳಿಯಂದ್ರೇ, ಆಫೀಸ್ ಬೇಗ ಮುಗೀತಾ? ಈ ಮೆಷಿನ್ ನಿಮ್ಮನ್ನ ಮರೆತುಬಿಟ್ಟಿದೆ, ಆಗಿಂದ ನಿಮ್ಮ ಫೋನಿನ ಸದ್ದೇ ಇಲ್ಲ. ಚಿಂತೆ ಬಿಡಿ, ನಾನು ಮರೆತಿಲ್ಲ."

ಕೈಚೀಲದಿಂದ ಬಣ್ಣದ ಬ್ರಷ್ ತೆಗೆದು ಅಳಿಯನ ಕೈಗಿತ್ತರು.